ಸಣ್ಣಗಾದ ಮರಗಳು: ಸೋಮೇಶ್ವರದ ಇಳಿಜಾರಿನಲ್ಲಿ ಒಂದು ಮರು ಅಳತೆಯ ಪ್ರಕರಣ

ಮರ ದಪ್ಪ ಆಗುತ್ತದೆ, ಇಲ್ಲದಿದ್ದರೆ ಇದ್ದ ಹಾಗೆ ಇರುತ್ತದೆ. ಸಣ್ಣ ಆಗುವುದಿಲ್ಲ. ಕಾಡಿನ ಬೆಳವಣಿಗೆ ಅಳೆಯಲು ಹೊರಟವರೆಲ್ಲ ಈ ನಂಬಿಕೆ ಇಟ್ಟುಕೊಂಡೇ ಹೊರಡುತ್ತಾರೆ. ಹೆಬ್ರಿಯಿಂದ ಮೇಲೆ, ಘಾಟಿಯ ಬುಡದ ಒಂದು ಇಳಿಜಾರಿನಲ್ಲಿ ಉಡುಪಿ ಕಡೆಯ ಕಾಲೇಜೊಂದರ ತಂಡ ಎರಡನೇ ಸಲ ಟೇಪು ಸುತ್ತಿದಾಗ ಈ ನಂಬಿಕೆ ಕೈಕೊಟ್ಟಿತು. ಬಹಳಷ್ಟು ಮರಗಳ ಸುತ್ತಳತೆ ಮೊದಲ ಸಲದ್ದಕ್ಕಿಂತ ಕಡಿಮೆ ಬಂತು. ಇನ್ನು ಕೆಲವು ಮರ ನಂಬಲಾಗದಷ್ಟು ದಪ್ಪ ಆಗಿದ್ದವು.

ನಾನು ಆ ತಂಡದವನಲ್ಲ. ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಪಿಎಚ್.ಡಿ. ಮಾಡುತ್ತಿದ್ದ ವಿದ್ಯಾರ್ಥಿನಿ ಮತ್ತು ಅವಳ ಮಾರ್ಗದರ್ಶಕ ಮೇಡಂ ಇಬ್ಬರೂ ಹಳೆಯ ಪರಿಚಯ. ಅಂಕಿಗಳನ್ನು ಒಮ್ಮೆ ನೋಡಿ ಅಂದರು. ಸುಮ್ನೆ ನೋಡಿ ಹೇಳಿ ಮುಗಿಸುವ ವಿಷಯ ಅಲ್ಲ ಅಂತ ಮೊದಲ ಪುಟದಲ್ಲೇ ಗೊತ್ತಾಯಿತು. ಹಾಗಾಗಿ ಜೊತೆಗೆ ಕಾಡಿಗೂ ಹೋದೆ.

ಈ ಪ್ರಕರಣವನ್ನು ಬರೆದಿಡುವುದಕ್ಕೆ ಕಾರಣ ಇದೆ. ನಮ್ಮ ಕರಾವಳಿಯ ಕಾಲೇಜುಗಳಲ್ಲಿ ಈಗ ಘಟ್ಟದ ಕಾಡಿನಲ್ಲಿ ಪ್ಲಾಟ್ (ಮರಗಳನ್ನು ಮತ್ತೆ ಮತ್ತೆ ಅಳೆಯಲು ಗುರುತು ಮಾಡಿಟ್ಟ ಜಾಗ) ಹಾಕುವವರು ಜಾಸ್ತಿ. ಎಲ್ಲರೂ ಟೇಪು, ಬಣ್ಣ, ಬಿಲ್ಲೆ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಯಾವ ತಿಂಗಳು ಅಳೆದೆವು ಅನ್ನುವುದನ್ನು ಮಾತ್ರ ಶೀಟಿನ ಮೂಲೆಯಲ್ಲಿ ಬರೆದು ಮರೆಯುತ್ತಾರೆ.

ಜಾಗ ಮತ್ತು ಕೆಲಸ

ಉಡುಪಿಯಿಂದ ಮಣಿಪಾಲ, ಹೆಬ್ರಿ ದಾಟಿ ಆಗುಂಬೆಗೆ ಹೋಗುವ 169ಎ ಹೆದ್ದಾರಿ ಎಲ್ಲರಿಗೂ ಗೊತ್ತು. ಸೋಮೇಶ್ವರದ ಹತ್ತಿರ ರಸ್ತೆ ಕಾಡಿನೊಳಗೆ ಹೊಕ್ಕು, 14 ಹಿಮ್ಮುರಿ ತಿರುವು ಹತ್ತಿ, ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಆಗುಂಬೆಗೆ ಮುಟ್ಟುತ್ತದೆ. ಕೆಳಗಿನ ಕಾಡು ಸೋಮೇಶ್ವರ ವನ್ಯಜೀವಿಧಾಮ. 1974ರಲ್ಲಿ ಘೋಷಣೆಯಾದದ್ದು. 2012ರಲ್ಲಿ ಪಶ್ಚಿಮ ಘಟ್ಟಕ್ಕೆ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದಾಗ ಅದರೊಳಗೆ ಸೇರಿದ ಕಾಡುಗಳಲ್ಲಿ ಇದೂ ಒಂದು. ಸೀತಾನದಿ ಇದರ ನಡುವೆ ಇಳಿದು ಬರುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಡಿಸೆಂಬರ್‌ನಿಂದ ಮೇ ತನಕ ಈ ಪಶ್ಚಿಮದ ಇಳಿಜಾರಿಗೆ ಮಳೆ ಅಂದರೆ ಆಗೊಮ್ಮೆ ಈಗೊಮ್ಮೆ ಬರುವ ಗುಡುಗಿನ ಮಳೆ ಅಷ್ಟೇ. ನಿತ್ಯಹರಿದ್ವರ್ಣ ಕಾಡು ಅನ್ನುತ್ತೇವೆ, ಎಲೆ ಹಸಿರಾಗಿಯೇ ಇರುತ್ತದೆ, ಹಾಗಾಗಿ ಆ ಐದಾರು ಒಣ ತಿಂಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮರಕ್ಕೆ ಬೀಳುತ್ತದೆ.

ಅಭಯಾರಣ್ಯದೊಳಗೆ ಅಧ್ಯಯನ ಮಾಡಬೇಕಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನಡಿ ಅನುಮತಿ ಬೇಕು. ಅದನ್ನು ಪಡೆದು, ಹಿಂದಿನ ಬ್ಯಾಚಿನವರು ಇಳಿಜಾರಿನಲ್ಲಿ ಚೌಕಗಳನ್ನು ಹಾಕಿದ್ದರು. ಒಂದೊಂದೂ 20 ಮೀಟರ್ ಉದ್ದ, 20 ಮೀಟರ್ ಅಗಲ. ಒಳಗಿನ ಮರಗಳಿಗೆ ಅಲ್ಯೂಮಿನಿಯಂ ಬಿಲ್ಲೆ ಹೊಡೆದು, ಎದೆಮಟ್ಟದಲ್ಲಿ ಹಳದಿ ಬಣ್ಣದ ಗೆರೆ ಎಳೆದು, ಸುತ್ತಳತೆ ಬರೆದುಕೊಂಡಿದ್ದರು. ಹೈಗ, ಸಾಲುಧೂಪ, ಹೆಬ್ಬಲಸು, ರಾಂಪತ್ರೆ, ಮಂತುಪುಳಿ, ಅಂಚಿನಲ್ಲಿ ಒಂದಷ್ಟು ನಂದಿ, ನಡುನಡುವೆ ಬೈನೆ. ಮೊದಲ ಅಳತೆ ನಡೆದದ್ದು ಮಳೆ ಬಿಟ್ಟ ಕೂಡಲೇ, ಅಕ್ಟೋಬರಿನಲ್ಲಿ. ಆ ಬ್ಯಾಚು ಮುಗಿದು, ಹೊಸ ವಿದ್ಯಾರ್ಥಿನಿ ಸೇರಿ, ಪರೀಕ್ಷೆ ಮೌಲ್ಯಮಾಪನ ಎಲ್ಲ ಕಳೆದು ಎರಡನೇ ಅಳತೆಗೆ ಹೋದದ್ದು ಒಂದೂವರೆ ವರ್ಷದ ನಂತರ, ಏಪ್ರಿಲ್ ಬಿಸಿಲಿಗೆ.

ಆ ಎರಡು ತಿಂಗಳ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಬೆಳವಣಿಗೆ ಅಂದರೆ ಎಷ್ಟು?

ಸಮಸ್ಯೆಯ ಗಾತ್ರ ತಿಳಿಯಬೇಕಾದರೆ ಮೊದಲು ಇದು ಗೊತ್ತಿರಬೇಕು. ನೆರಳಿನ ಕಾಡಿನಲ್ಲಿ ಮರದ ವ್ಯಾಸ ವರ್ಷಕ್ಕೆ ಹೆಚ್ಚುವುದು ಕೆಲವೇ ಮಿಲಿಮೀಟರ್. ಬಿಸಿಲು ಕಾಣದ ಕೆಳಗಿನ ಮರಗಳಲ್ಲಿ ಅದೂ ಇಲ್ಲ. ನಾವು ಅಳೆಯುವುದು ಸುತ್ತಳತೆ. ವ್ಯಾಸ 1 ಮಿ.ಮೀ. ಹೆಚ್ಚಿದರೆ ಸುತ್ತಳತೆ 3 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಹೆಚ್ಚುತ್ತದೆ.

ಈಗ ತಪ್ಪಿನ ಲೆಕ್ಕ ನೋಡಿ. ಸುತ್ತಳತೆ 100 ಸೆಂ.ಮೀ. ಇರುವ ಮರಕ್ಕೆ ಟೇಪು ಸುತ್ತುವಾಗ ಹಿಂದುಗಡೆ ಸ್ವಲ್ಪ ಜಾರಿ 10 ಡಿಗ್ರಿ ಓರೆಯಾದರೆ ಓದು ಹತ್ತಿರ ಹತ್ತಿರ 8 ಮಿ.ಮೀ. ಜಾಸ್ತಿ ಬರುತ್ತದೆ. ವ್ಯಾಸಕ್ಕೆ ತಂದರೆ ಎರಡೂವರೆ ಮಿಲಿಮೀಟರ್. ಅಂದರೆ ಒಂದು ವರ್ಷದ ಬೆಳವಣಿಗೆಯಷ್ಟೇ ದೊಡ್ಡ ತಪ್ಪು, ಟೇಪು ಹಿಂದೆ ಜಾರಿದ್ದು ಯಾರೂ ನೋಡದಿದ್ದರೆ ಸಾಕು. ಇಳಿಜಾರಿನಲ್ಲಿ ಒಂದು ಕಾಲು ಬಂಡೆಯ ಮೇಲೆ, ಇನ್ನೊಂದು ಕಾಲು ತರಗೆಲೆಯ ಮೇಲೆ ಇಟ್ಟು ನಿಂತವರಿಗೆ ಇದು ಎಷ್ಟು ಸುಲಭ ಅಂತ ಹೇಳಬೇಕಾಗಿಲ್ಲ.

ಮರದ ತೂಕ, ಅದರಲ್ಲಿರುವ ಇಂಗಾಲ ಇವೆಲ್ಲ ವ್ಯಾಸದ ಸುಮಾರು ಎರಡೂವರೆ ಘಾತದಂತೆ ಏರುತ್ತವೆ. ವ್ಯಾಸದಲ್ಲಿ ನೂರಕ್ಕೆ 1 ತಪ್ಪಿದರೆ ತೂಕದಲ್ಲಿ ನೂರಕ್ಕೆ ಎರಡೂವರೆ ತಪ್ಪುತ್ತದೆ. ಈ ಕಾಡು ವರ್ಷಕ್ಕೆ ಎಷ್ಟು ಇಂಗಾಲ ಹೀರುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾದ ಪ್ರಬಂಧದಲ್ಲಿ ಇದು ಸಣ್ಣ ವಿಷಯ ಅಲ್ಲ.

ಸುಲಭದ ದಾರಿ

ಮೊದಲ ಸಭೆಯಲ್ಲಿ ಬಂದ ಸಲಹೆ: ಸಣ್ಣಗಾದ ಮರಗಳನ್ನೆಲ್ಲ ತೆಗೆದುಬಿಡೋಣ. ಇನ್ನೊಬ್ಬರು, ತೆಗೆಯುವುದು ಬೇಡ, ಬೆಳವಣಿಗೆ ಸೊನ್ನೆ ಅಂತ ಹಾಕೋಣ ಅಂದರು. ಎರಡೂ ಸಭ್ಯವಾಗಿಯೇ ಕೇಳಿಸುತ್ತವೆ. ಮರ ಸಣ್ಣ ಆಗುವುದಿಲ್ಲ ಅಂದಮೇಲೆ ಅದು ತಪ್ಪೇ, ತಪ್ಪನ್ನು ತೆಗೆಯುವುದರಲ್ಲಿ ಏನು ತಪ್ಪು?

ಇದನ್ನು ನಾನು ಗಟ್ಟಿಯಾಗಿಯೇ ವಿರೋಧಿಸಿದೆ. ಅಳತೆಯ ತಪ್ಪು ಎರಡು ಕಡೆಗೂ ಆಗುತ್ತದೆ. ಕೆಲವು ಮರ ಕಡಿಮೆ ಬರುತ್ತದೆ, ಅಷ್ಟೇ ಮರ ಜಾಸ್ತಿ ಬರುತ್ತದೆ. ಕಡಿಮೆ ಬಂದದ್ದು ಕಣ್ಣಿಗೆ ಹೊಡೆಯುತ್ತದೆ, ಯಾಕೆಂದರೆ ಅದು ಅಸಾಧ್ಯ ಅಂತ ನಮಗೆ ಗೊತ್ತು. ಜಾಸ್ತಿ ಬಂದದ್ದು ಬೆಳವಣಿಗೆಯ ಹಾಗೆಯೇ ಕಾಣುತ್ತದೆ, ಯಾರೂ ಅನುಮಾನ ಪಡುವುದಿಲ್ಲ. ಒಂದು ಕಡೆಯ ತಪ್ಪನ್ನು ಮಾತ್ರ ಗುಡಿಸಿ ಹಾಕಿದರೆ ಉಳಿದದ್ದು ಇನ್ನೊಂದು ಕಡೆಯ ತಪ್ಪು. ಸರಾಸರಿ ಬೆಳವಣಿಗೆ ಇದ್ದದ್ದಕ್ಕಿಂತ ಮೇಲೆ ಹೋಗುತ್ತದೆ. ಕಾಡು ಚೆನ್ನಾಗಿ ಬೆಳೆಯುತ್ತಿದೆ ಅಂತ ನಾವು ಪತ್ರಿಕೆಗೆ ಬರೆಯುತ್ತೇವೆ. ಸಣ್ಣಗಾದ ಮರವನ್ನು ತೆಗೆಯಬೇಕಾದರೆ ಅದೇ ಕಾರಣಕ್ಕೆ ದಪ್ಪ ಆದ ಮರವನ್ನೂ ತೆಗೆಯಬೇಕು. ಅದಕ್ಕೆ ಕಾರಣ ಗೊತ್ತಿರಬೇಕು.

ಇದು ಬರೀ ನಮ್ಮೂರಿನ ತಾಪತ್ರಯ ಅಲ್ಲ. ಪನಾಮಾದ ಬಾರೋ ಕೊಲರಾಡೋ ದ್ವೀಪದ 50 ಹೆಕ್ಟೇರ್ ಪ್ಲಾಟ್ ಜಗತ್ತಿಗೇ ಮಾದರಿ. ಅಲ್ಲಿಯೂ 1980ರ ದಶಕದ ಆರಂಭದ ಮೊದಲ ಎಣಿಕೆಯಲ್ಲಿ ಹಲಗೆಬೇರಿನ, ಅಂದರೆ ಬುಡದಿಂದ ಹಲಗೆಯಂತೆ ಬೇರು ಚಾಚಿದ, ಕೆಲವು ದೊಡ್ಡ ಮರಗಳನ್ನು ಬೇರನ್ನೇ ಸುತ್ತಿ ಅಳೆದದ್ದರಿಂದ ಮುಂದೆ ಲೆಕ್ಕ ಸರಿಪಡಿಸಬೇಕಾಯಿತು. ನಮ್ಮ ದೇಶದಲ್ಲಿ ಮುದುಮಲೆಯ 50 ಹೆಕ್ಟೇರ್ ಪ್ಲಾಟ್ 1988ರಿಂದ ಇದೆ. ಕೊಡಗಿನ ಉಪ್ಪಂಗಳದಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆಯ ಪ್ಲಾಟ್‌ಗಳು 1990ರ ಸುಮಾರಿಗೆ ಶುರುವಾದವು. ಇಷ್ಟು ಕಾಲ ಒಂದೇ ಮರವನ್ನು ಹಿಂಬಾಲಿಸಿದವರು ಅಳತೆಯ ಜಾಗದ ಬಗ್ಗೆ ಅಷ್ಟೊಂದು ಹಟ ಹಿಡಿಯುವುದು ಸುಮ್ನೆ ಅಲ್ಲ.

ಒಂದೊಂದೇ ಅನುಮಾನ

ಮೊದಲ ಅನುಮಾನ ಟೇಪಿನ ಮೇಲೆ. ದರ್ಜಿಯ ಬಟ್ಟೆ ಟೇಪು ಒದ್ದೆಯಾಗಿ ಎಳೆದುಕೊಂಡರೆ ಗೆರೆಗಳ ನಡುವಿನ ಅಂತರ ಹೆಚ್ಚುತ್ತದೆ, ಓದು ಕಡಿಮೆ ಬರುತ್ತದೆ, ಮರ ಸಣ್ಣಗಾದ ಹಾಗೆ ಕಾಣುತ್ತದೆ. ಆದರೆ ಎರಡೂ ಸಲ ಫೈಬರ್ ಟೇಪು ಬಳಸಿದ್ದರು. ಉಕ್ಕಿನ ಸ್ಕೇಲಿಗೆ ಇಟ್ಟು ನೋಡಿದೆವು. ಸರಿ ಇತ್ತು.

ಎರಡನೆಯದು ಅಳೆಯುವವರ ಕೈ. ಇದಕ್ಕೆ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಒಂದೇ ದಿನ, ಒಂದೇ ಮರಗಳನ್ನು, ಇಬ್ಬಿಬ್ಬರ ಎರಡು ತಂಡ ಬೇರೆ ಬೇರೆಯಾಗಿ ಅಳೆದವು. ಒಬ್ಬರ ಶೀಟು ಇನ್ನೊಬ್ಬರಿಗೆ ತೋರಿಸಲಿಲ್ಲ. ವ್ಯತ್ಯಾಸ ಬಂತು. ಆದರೆ ಎರಡೂ ಕಡೆಗೆ ಚದುರಿಕೊಂಡು ಬಂತು. ಒಂದೇ ಕಡೆಗೆ ವಾಲಲಿಲ್ಲ. ಹೊಸ ಪ್ಲಾಟ್ ಹಾಕುವವರೆಲ್ಲ ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕು ಅಂತ ನನ್ನ ಅಭಿಪ್ರಾಯ. ಅರ್ಧ ದಿನದ ಕೆಲಸ. ನಮ್ಮ ಕೈಯ ತಪ್ಪು ಎಷ್ಟು ಅಂತ ಗೊತ್ತಿಲ್ಲದೆ ಮರದ ಬಗ್ಗೆ ಮಾತಾಡುವುದು ಹೇಗೆ?

ಮೂರನೆಯದು ಎದೆಮಟ್ಟ. ಇದು ತಮಾಷೆಯಾಗಿದೆ. ನಮ್ಮ ದೇಶದ ಅರಣ್ಯ ಲೆಕ್ಕದಲ್ಲಿ ಎದೆಮಟ್ಟ ಅಂದರೆ ನಾಲ್ಕೂವರೆ ಅಡಿ, 1.37 ಮೀಟರ್. ಹೊರದೇಶದ ಹೆಚ್ಚಿನ ಕೈಪಿಡಿಗಳಲ್ಲಿ 1.3 ಮೀಟರ್. ಹಿಂದಿನ ಬ್ಯಾಚಿನವರು ಅರಣ್ಯ ಲೆಕ್ಕದ ಕೋಲು ಹಿಡಿದಿದ್ದರು. ಹೊಸ ತಂಡ ಕೈಪಿಡಿ ಓದಿಕೊಂಡು 1.3ಕ್ಕೆ ಕೋಲು ಕಡಿದಿತ್ತು. ನೆಟ್ಟಗಿನ ಹೈಗದ ಕಾಂಡದಲ್ಲಿ ಈ 7 ಸೆಂ.ಮೀ.ನಿಂದ ದೊಡ್ಡದೇನೂ ಆಗುವುದಿಲ್ಲ. ಬುಡ ಅಗಲ ಮಾಡಿಕೊಂಡ ಮರದಲ್ಲಿ ಆಗುತ್ತದೆ. ಕೆಳಗೆ ಅಳೆದರೆ ಜಾಸ್ತಿ ಬರುತ್ತದೆ. ನಂಬಲಾಗದಷ್ಟು ದಪ್ಪ ಆದ ಮರಗಳಲ್ಲಿ ಕೆಲವಕ್ಕೆ ಇದೇ ಕಾರಣ. ಉಳಿದ ಕೆಲವಕ್ಕೆ ಮೊಳೆ ಕಾರಣ. ಬಿಲ್ಲೆಯ ಮೊಳೆಯನ್ನು ಅಳತೆಯ ಗೆರೆಯ ಹತ್ತಿರವೇ ಹೊಡೆದಿದ್ದರು. ಗಾಯದ ಸುತ್ತ ತೊಗಟೆ ಗಂಟು ಕಟ್ಟಿತ್ತು. ಮೊಳೆ ಗೆರೆಯಿಂದ ಒಂದು ಅಡಿಯಾದರೂ ಮೇಲಿರಬೇಕು.

ಹಾಗಾದರೆ ಹಳದಿ ಗೆರೆ ಏನಾಯಿತು, ಅದರ ಮೇಲೆಯೇ ಅಳೆಯಬಹುದಿತ್ತಲ್ಲ? ಅಳೆಯಬಹುದಿತ್ತು, ಗೆರೆ ಇದ್ದಿದ್ದರೆ. ಒಂದು ಪೂರ್ತಿ ಮಳೆಗಾಲ ಹೊಯ್ದಿತ್ತು. ಎಷ್ಟೋ ಮರದಲ್ಲಿ ಬಣ್ಣ ಹೋಗಿತ್ತು, ಎಷ್ಟೋ ಮರದಲ್ಲಿ ಹಾವಸೆ ಮುಚ್ಚಿತ್ತು. ಅಲ್ಲೆಲ್ಲ ನೆಲದಿಂದ ಮತ್ತೆ ಕೋಲು ನಿಲ್ಲಿಸಿ ಅಳೆದಿದ್ದರು.

ನೆಲವೇ ಎದ್ದು ಬಂದರೆ

ಸಮತಟ್ಟಿನ ಕಾಡಿನಲ್ಲಿ ನೆಲದಿಂದ ಅಳೆದರೆ ಅಷ್ಟೊಂದು ಕೆಡುವುದಿಲ್ಲ. ಗುಡ್ಡದಲ್ಲಿ ಕೆಡುತ್ತದೆ.

30 ಡಿಗ್ರಿ ಇಳಿಜಾರಿನಲ್ಲಿ 30 ಸೆಂ.ಮೀ. ವ್ಯಾಸದ ಮರ ನಿಂತಿದೆ ಅಂದುಕೊಳ್ಳಿ. ಅದರ ಮೇಲ್ಬದಿಯ ನೆಲಕ್ಕೂ ಕೆಳಬದಿಯ ನೆಲಕ್ಕೂ 17 ಸೆಂ.ಮೀ. ಅಂತರ. ಕೆಳಗೆ ನಿಂತು ಕೋಲು ಹಿಡಿದವರ ಎದೆಮಟ್ಟ ಒಂದು, ಮೇಲೆ ನಿಂತವರದ್ದು ಇನ್ನೊಂದು. ಅದಕ್ಕೇ ಮೇಲ್ಬದಿಯಿಂದಲೇ ಅಳೆಯಬೇಕು ಅಂತ ನಿಯಮ. ಅದನ್ನು ಎರಡೂ ತಂಡ ಪಾಲಿಸಿದ್ದವು.

ಆದರೆ ಮೇಲ್ಬದಿಯ ನೆಲ ನಿಂತಲ್ಲಿ ನಿಲ್ಲುವುದಿಲ್ಲ. ಇದನ್ನು ತೋರಿಸಿಕೊಟ್ಟದ್ದು ನಮ್ಮ ಜೊತೆ ಬರುತ್ತಿದ್ದ ಅಣ್ಣ. ಕಾಡಂಚಿನ ಮಲೆಕುಡಿಯ ಮನೆಯವರು. ದಾರಿ ತೋರಿಸಲಿಕ್ಕೆ ಅಂತ ಬಂದವರು, ಕೊನೆಗೆ ಪೂರ್ತಿ ಕೆಲಸ ಅವರ ಮೇಲೆಯೇ ನಿಂತಿತು. ಅವರು ಕತ್ತಿಯ ತುದಿಯಲ್ಲಿ ಒಂದು ಸಾಲುಧೂಪದ ಮೇಲ್ಬದಿಯ ತರಗೆಲೆ ಕೆದರಿದರು. ಎಲೆಯ ಕೆಳಗೆ ಸಡಿಲ ಮಣ್ಣು, ಅದರ ಕೆಳಗೆ ಗಟ್ಟಿ ನೆಲ.

"ನೋಡಿ ಸರ್, ಮಳೆಗೆ ಮೇಲಿನ ಮಣ್ಣು ಇಳಿದು ಬಂದು ಮರಕ್ಕೆ ತಾಗಿ ನಿಲ್ಲುತ್ತದೆ. ನೀವು ಇದರ ಮೇಲೆ ಕೋಲು ಇಟ್ಟರೆ ಹೇಗೆ ಮಾರಾಯ್ರೆ?"

ಅಷ್ಟೇ ವಿಷಯ. ಮಣ್ಣು, ತರಗೆಲೆ ಸೇರಿ ನೆಲ ಮೇಲೆ ಬಂದಿದೆ. ಅಲ್ಲಿಂದ 1.3 ಮೀಟರ್ ಹಿಡಿದರೆ ಮರದ ಮೇಲಿನ, ಅಂದರೆ ತೆಳ್ಳಗಿನ ಭಾಗಕ್ಕೆ ಟೇಪು ಬೀಳುತ್ತದೆ. ಮರ ಸಣ್ಣಗಾಯಿತು ಅಂತ ಶೀಟು ಹೇಳುತ್ತದೆ. ಕಾಂಡ ಹಾಗೇ ಇದೆ, ಸರಿದದ್ದು ನಾವು ಕೋಲು ಊರಿದ ನೆಲ. ಒಂದೇ ಪ್ಲಾಟಿನಲ್ಲಿ ಕೋಲಿನ ಉದ್ದ ಬದಲಾದದ್ದು ಅಳತೆಯ ಜಾಗವನ್ನು ಕೆಳಕ್ಕೆ ಎಳೆಯುತ್ತದೆ, ಮಣ್ಣು ತುಂಬಿದ್ದು ಮೇಲಕ್ಕೆ ತಳ್ಳುತ್ತದೆ. ಯಾವ ಮರಕ್ಕೆ ಯಾವುದು ಎಷ್ಟು ಅಂತ ಈಗ ಬಿಡಿಸಲು ದಾರಿ ಇಲ್ಲ.

ಇದೇ ಹೊತ್ತಿನಲ್ಲಿ ಇನ್ನೊಂದು ಹುಳುಕು ಸಿಕ್ಕಿತು. ಸುತ್ತಳತೆಗೂ ಅದಕ್ಕೂ ಸಂಬಂಧ ಇಲ್ಲ, ಆದರೂ ಹೇಳಿಬಿಡುತ್ತೇನೆ. 20 ಮೀಟರ್ ಚೌಕವನ್ನು ಹಗ್ಗ ನೆಲಕ್ಕೆ ಹಾಸಿ ಅಳೆದಿದ್ದರು. 30 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲಿನ 20 ಮೀಟರ್ ಅಂದರೆ ನಕ್ಷೆಯ ಮೇಲೆ 17.3 ಮೀಟರ್ ಮಾತ್ರ. ನಾವು 400 ಚದರ ಮೀಟರ್ ಅಂದುಕೊಂಡದ್ದು ನಿಜದಲ್ಲಿ 346. ಹೆಕ್ಟೇರಿಗೆ ಇಷ್ಟು ಮರ ಅನ್ನುವ ಲೆಕ್ಕ ಬೇರೆ ಪ್ಲಾಟಿನ ಜೊತೆ ಹೋಲಿಸುವಾಗ ಇದು ಕಾಲು ಎಳೆಯುತ್ತದೆ. ಇಳಿಜಾರಿನ ಕೋನ ಅಳೆದು ಭಾಗಿಸಿದರೆ ಸರಿಯಾಯಿತು. ಇದು ಗುಣವಾಗುವ ಕಾಯಿಲೆ.

ಅಳೆಯಲೇಬಾರದ ಮರಗಳು

ಬೈನೆ ಮರಕ್ಕೂ ಬಿಲ್ಲೆ ಹೊಡೆದು, ಬೆಳವಣಿಗೆ ಇಲ್ಲ ಅಂತ ಬರೆದಿದ್ದರು. ತೆಂಗು, ಅಡಿಕೆಯ ಹಾಗೆ ಬೈನೆಯೂ ತಾಳೆಯ ಜಾತಿ. ಅದಕ್ಕೆ ಕ್ಯಾಂಬಿಯಂ, ಅಂದರೆ ಕಾಂಡವನ್ನು ದಪ್ಪ ಮಾಡುವ ಜೀವಕೋಶಗಳ ಪದರ, ಇಲ್ಲ. ಎತ್ತರಕ್ಕೆ ಹೋಗುತ್ತದೆ, ಕಾಂಡ ವರ್ಷ ವರ್ಷ ದಪ್ಪ ಆಗುವುದಿಲ್ಲ. ಅದನ್ನು ಎಣಿಕೆಗೆ ಇಟ್ಟುಕೊಂಡು ಬೆಳವಣಿಗೆಯ ಸರಾಸರಿಯಿಂದ ಕೈಬಿಟ್ಟೆವು.

ನಂದಿಯದ್ದು ಬೇರೆ ಕತೆ. ಅದರ ತೊಗಟೆ ಕಾಗದದ ಹಾಳೆಯಂತೆ ಸುಲಿದು ಬೀಳುತ್ತದೆ. ಸುಲಿಯುವ ಮೊದಲು ಅಳೆದು, ಸುಲಿದ ಮೇಲೆ ಮತ್ತೆ ಅಳೆದರೆ ಕಡಿಮೆ ಬರದೆ ಇನ್ನೇನು ಬರುತ್ತದೆ? ಅಂಚಿನ ಚೌಕದಲ್ಲಿ ಸಣ್ಣಗಾದ ಮರಗಳು ಗುಂಪಾಗಿ ಇದ್ದದ್ದು ಯಾಕೆ ಅಂತ ಇಲ್ಲಿ ಗೊತ್ತಾಯಿತು.

ಉಳಿದ ಮರಗಳು

ಇಷ್ಟೆಲ್ಲ ತೆಗೆದ ಮೇಲೆ ಒಂದು ಶುದ್ಧ ಗುಂಪು ಉಳಿಯಿತು. ಹಳದಿ ಗೆರೆ ಹಾಗೇ ಇರುವ ಮರಗಳು. ಮೊಳೆ ಗೆರೆಯಿಂದ ದೂರ, ತೊಗಟೆ ಸುಲಿಯದ ಜಾತಿ, ಬಳ್ಳಿ ಹಬ್ಬಿಲ್ಲ, ಹಾವಸೆ ಇಲ್ಲ. ಇಲ್ಲಿಯಾದರೂ ಎಲ್ಲ ಸರಿ ಇರಬೇಕಿತ್ತು, ಅಲ್ವಾ?

ಇರಲಿಲ್ಲ. ಬಿಸಿಲಿರುವ ಜಾಗದ ಮರಗಳು ದಪ್ಪ ಆಗಿದ್ದವು. ನೆರಳಿನಲ್ಲಿ ನಿಧಾನ ಬೆಳೆಯುವ ಹೈಗ, ರಾಂಪತ್ರೆಗಳಲ್ಲಿ ಹೆಚ್ಚಿನವು ಸ್ವಲ್ಪ ಸ್ವಲ್ಪ ಸಣ್ಣಗಾಗಿದ್ದವು. ಕೆಲವೇ ಮಿಲಿಮೀಟರ್. ಆದರೆ ಎಲ್ಲ ಒಂದೇ ದಿಕ್ಕಿಗೆ. ಕೈಯ ತಪ್ಪು ಎರಡು ದಿಕ್ಕಿಗೂ ಚದುರುತ್ತದೆ ಅಂತ ನಮ್ಮ ಪರೀಕ್ಷೆಯೇ ತೋರಿಸಿತ್ತು. ಒಂದೇ ದಿಕ್ಕಿಗೆ ಹೋಗುವುದು ಕೈಯ ಕೆಲಸ ಅಲ್ಲ.

ಅಕ್ಟೋಬರ್, ಏಪ್ರಿಲ್. ಮೊದಲ ಅಳತೆ ಮರ ನೀರು ಕುಡಿದು ತುಂಬಿಕೊಂಡಿದ್ದಾಗ. ಎರಡನೆಯದು ಒಣ ತಿಂಗಳುಗಳ ಕೊನೆಯಲ್ಲಿ.

ಕಾಂಡ ಹೀಗೆ ಉಬ್ಬಿ ಇಳಿಯುವುದು ಗೊತ್ತಿರುವ ವಿಷಯವೇ. ಹಗಲು ಎಲೆ ಬಿಡುವಷ್ಟು ನೀರನ್ನು ಬೇರು ಕೂಡಲೇ ಒದಗಿಸಲಾರದು. ಆ ಕೊರತೆಯನ್ನು ಕಾಂಡ ತುಂಬುತ್ತದೆ, ಅದರಲ್ಲೂ ಒಳತೊಗಟೆಯ ಮೆತ್ತನೆಯ ಜೀವಕೋಶಗಳು. ಕಾಂಡ ಕೂದಲೆಳೆಯಷ್ಟು ಇಳಿಯುತ್ತದೆ. ರಾತ್ರಿ ಮತ್ತೆ ತುಂಬಿಕೊಳ್ಳುತ್ತದೆ. ಒಣ ತಿಂಗಳುಗಳಲ್ಲಿ ರಾತ್ರಿಯೂ ಪೂರ್ತಿ ತುಂಬುವುದಿಲ್ಲ. ಕೊರತೆ ದಿನದಿನಕ್ಕೆ ಸೇರುತ್ತಾ ಹೋಗುತ್ತದೆ. ಮಳೆ ಬಿದ್ದರೆ ಒಂದೆರಡು ದಿನದಲ್ಲೇ ಕಾಂಡ ಉಬ್ಬುತ್ತದೆ. ಅದು ಬೆಳವಣಿಗೆ ಅಲ್ಲ, ನೀರು. ವೇಗವಾಗಿ ಬೆಳೆಯುವ ಮರದಲ್ಲಿ ಬೆಳವಣಿಗೆ ಈ ಇಳಿತವನ್ನು ಮುಚ್ಚಿಹಾಕುತ್ತದೆ. ನಿಧಾನದ ಮರದಲ್ಲಿ ಮುಚ್ಚಲು ಏನೂ ಇಲ್ಲ.

ಅಣ್ಣನಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಮಳೆಗಾಲದಲ್ಲಿ ಮನೆ ಬಾಗಿಲು ಉಬ್ಬಿ ಹಾಕಲಿಕ್ಕೆ ಆಗುವುದಿಲ್ಲ. ಕಡಿದ ಮರವೇ ಹಾಗೆ, ಇನ್ನು ಜೀವ ಇದ್ದದ್ದು?" ಅಂದರು. ಒಣ ಹಲಗೆ ಉಬ್ಬುವುದಕ್ಕೂ ಜೀವಂತ ಕಾಂಡ ಉಬ್ಬುವುದಕ್ಕೂ ಕಾರಣ ಬೇರೆ. ಆದರೂ ಮೊದಲ ಸಭೆಯಲ್ಲಿ ಅವರು ಇದ್ದಿದ್ದರೆ ಸಮಯ ಉಳಿಯುತ್ತಿತ್ತು.

ಪಟ್ಟಿ ಕಟ್ಟಿದ್ದು

ಊಹೆ ಚೆನ್ನಾಗಿದೆ ಅಂತ ಪ್ರಬಂಧಕ್ಕೆ ಹಾಕಲಾಗುವುದಿಲ್ಲ. ಹಾಗಾಗಿ ಶುದ್ಧ ಗುಂಪಿನ ಕೆಲವು ಮರಗಳಿಗೆ ಉಕ್ಕಿನ ಪಟ್ಟಿ ಕಟ್ಟಿದೆವು. ಇದಕ್ಕೆ ದೊಡ್ಡ ಖರ್ಚು ಬೇಡ. ಪೆಟ್ಟಿಗೆಗೆ ಬಿಗಿಯುವ ತುಕ್ಕು ಹಿಡಿಯದ ತೆಳು ಪಟ್ಟಿ, ಒಂದು ಸಣ್ಣ ಸ್ಪ್ರಿಂಗು. ಪಟ್ಟಿ ಮರವನ್ನು ಸುತ್ತಿ ತನ್ನದೇ ತಲೆಯೊಳಗೆ ತೂರಿ ಬರುತ್ತದೆ, ಸ್ಪ್ರಿಂಗು ಎಳೆದು ಹಿಡಿಯುತ್ತದೆ. ಪಟ್ಟಿಯಲ್ಲಿ ಒಂದು ಕಿಂಡಿ ಇರುತ್ತದೆ. ಮರ ಉಬ್ಬಿದರೆ ಕಿಂಡಿ ಅಗಲವಾಗುತ್ತದೆ, ಇಳಿದರೆ ಕಿರಿದಾಗುತ್ತದೆ. ಆ ಕಿಂಡಿಯನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದರೆ ಆಯಿತು. ಭೌತಶಾಸ್ತ್ರ ಲ್ಯಾಬಿನ ವರ್ನಿಯರ್ 0.1 ಮಿ.ಮೀ. ತನಕ ಓದುತ್ತದೆ. ಟೇಪಿನಲ್ಲಿ ಕನಸಿನಲ್ಲೂ ಸಿಗದ ಸೂಕ್ಷ್ಮ.

ಎರಡು ಎಚ್ಚರಿಕೆ. ಹೊಸ ಪಟ್ಟಿ ಮರಕ್ಕೆ ಕೂತುಕೊಳ್ಳಲು ಕೆಲವು ತಿಂಗಳು ಬೇಕು. ಅಷ್ಟರ ತನಕದ ಓದಿನಲ್ಲಿ ಬೆಳವಣಿಗೆ ಹುಡುಕಬಾರದು. ಮತ್ತೆ ಓದುವ ಹೊತ್ತು ಒಂದೇ ಇರಬೇಕು. ನಾವು ಬೆಳಿಗ್ಗೆ ಅಂತ ಇಟ್ಟುಕೊಂಡೆವು, ಬಿಸಿಲೇರಿ ಎಲೆ ನೀರು ಬಿಡಲು ಶುರುಮಾಡುವ ಮೊದಲು.

ಓದುವವರು ಯಾರು? ವಿದ್ಯಾರ್ಥಿನಿ ಉಡುಪಿಯಿಂದ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಬಂದು ಗುಡ್ಡ ಹತ್ತುವುದು ಮಳೆಗಾಲದಲ್ಲಿ ನಡೆಯುವ ಮಾತಲ್ಲ. ಹಳ್ಳ ಯಾವಾಗ ಏರುತ್ತದೆ ಅಂತ ಹೇಳಲಾಗುವುದಿಲ್ಲ, ಉಂಬಳ ಬೇರೆ. ಅಣ್ಣನಿಗೆ ವರ್ನಿಯರ್ ಓದಲು ಕಲಿಸಿದೆವು. ಎರಡು ಸಲ ತೋರಿಸಿದ ಮೇಲೆ ಅವರ ಓದು ಎಂ.ಎಸ್ಸಿ. ಹುಡುಗರದ್ದಕ್ಕಿಂತ ಸ್ಥಿರವಾಗಿತ್ತು. ಪ್ರತಿ ಓದಿಗೆ ಇಷ್ಟು ಅಂತ ಕೂಲಿ ಗೊತ್ತುಮಾಡಿದೆವು. ಅದು ಬೇಕೇ ಬೇಕು. ಸ್ಥಳೀಯರ ಸಹಕಾರ ಅಂತ ಪ್ರಬಂಧದ ಕೊನೆಯಲ್ಲಿ ಕೃತಜ್ಞತೆ ಬರೆದು ಕೈತೊಳೆದುಕೊಳ್ಳುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಅವರ ಹೆಸರು ಇರಬೇಕು ಅಂತಲೂ ಮೇಡಂಗೆ ಹೇಳಿದ್ದೇನೆ.

ಅಣ್ಣನ ಪುಸ್ತಕದಲ್ಲಿ ಬಂದದ್ದು ಹೀಗೆ. ಡಿಸೆಂಬರಿನ ನಂತರ ಕಿಂಡಿಗಳು ನಿಧಾನಕ್ಕೆ ಕಿರಿದಾಗುತ್ತಾ ಹೋದವು. ಬೇಸಿಗೆಯ ಒಂದು ಗುಡುಗಿನ ಮಳೆಗೆ ಮರುದಿನವೇ ಅಗಲವಾಗಿ, ವಾರದಲ್ಲಿ ಮತ್ತೆ ಹಳೆಯ ಜಾಗಕ್ಕೆ ಇಳಿದವು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಒಮ್ಮೆಲೇ ಏರಿ ನಿಂತವು. ಆಮೇಲೆ ನಿಧಾನದ ಏರಿಕೆ. ಆ ನಿಧಾನದ ಏರಿಕೆಯಲ್ಲಿ ಮಾತ್ರ ನಾವು ಹುಡುಕುತ್ತಿದ್ದ ಬೆಳವಣಿಗೆ ಇರುವುದು. ಕೆಲವು ಹೈಗಗಳಲ್ಲಿ ಬೇಸಿಗೆಯ ಇಳಿತ ವರ್ಷದ ಬೆಳವಣಿಗೆಯಷ್ಟೇ ದೊಡ್ಡದಿತ್ತು.

ಏನು ಮಾಡಿದೆವು

ಗೆರೆ ಅಳಿಸಿಹೋದ ಮರಗಳ ಹಳೆಯ ಅಳತೆಯನ್ನು ಬೆಳವಣಿಗೆಗೆ ಬಳಸಲೇ ಇಲ್ಲ. ದಪ್ಪ ಆದದ್ದು, ಸಣ್ಣಗಾದದ್ದು ಎರಡನ್ನೂ ಬಿಟ್ಟೆವು. ಅವುಗಳಿಗೆ ಈ ಎರಡನೇ ಅಳತೆಯೇ ಮೊದಲನೆಯದು. ಹಳೆಯ ಅಂಕಿ ಅಳಿಸಲಿಲ್ಲ, ಪಕ್ಕದಲ್ಲಿ ಕಾರಣ ಬರೆದಿಟ್ಟೆವು. ನಂದಿಗಳಿಗೆ ಗುರುತು ಹಾಕಿದೆವು. ಶುದ್ಧ ಗುಂಪಿನ ಅಂಕಿಗಳನ್ನು ಕಡಿಮೆ ಬಂದದ್ದೂ ಸೇರಿ ಹಾಗೇ ಇಟ್ಟು, ಋತುವಿನ ವ್ಯತ್ಯಾಸ ಅಂತ ಸ್ಪಷ್ಟವಾಗಿ ಬರೆದೆವು. ಈ ಎರಡು ಅಳತೆಯಿಂದ ವರ್ಷದ ಬೆಳವಣಿಗೆ ಅಂತ ಒಂದು ಅಂಕಿ ಕೊಡುವುದಿಲ್ಲ ಅಂತ ತೀರ್ಮಾನವಾಯಿತು. ವಿದ್ಯಾರ್ಥಿನಿಗೆ ಇದು ಕಷ್ಟದ ತೀರ್ಮಾನ. ಪ್ರಬಂಧದ ಒಂದು ಅಧ್ಯಾಯವೇ ಮುಂದಕ್ಕೆ ಹೋಯಿತು. ಫೆಲೋಶಿಪ್ಪಿನ ಗಡುವು ಯಾರಿಗೂ ಕಾಯುವುದಿಲ್ಲ. ಆದರೂ ಅವಳೇ ಮೊದಲು ಒಪ್ಪಿದಳು, ನಮ್ಮ ಹಿರಿಯರಲ್ಲಿ ಕೆಲವರಿಗೆ ಹೆಚ್ಚು ಹೊತ್ತು ಬೇಕಾಯಿತು.

ಹೊಸ ಗೆರೆಗಳನ್ನು 1.3 ಮೀಟರಿನಲ್ಲಿ, ತರಗೆಲೆ ಸರಿಸಿ ಗಟ್ಟಿ ನೆಲ ಮುಟ್ಟಿ ಎಳೆದರು. ಬಣ್ಣದ ಮೇಲೆ ಮಾತ್ರ ಭರವಸೆ ಇಡದೆ, ಬಿಲ್ಲೆಯ ಮೊಳೆಯಿಂದ ಗೆರೆಗೆ ಸರಿಯಾಗಿ 30 ಸೆಂ.ಮೀ. ಅಂತ ಇಟ್ಟರು. ಬಣ್ಣ ಹೋದರೂ ಮೊಳೆಯಿಂದ ಕೆಳಗೆ ಅಳೆದರೆ ಜಾಗ ಸಿಗುತ್ತದೆ. ಹಳೆಯ ಮೊಳೆಗಳನ್ನು ಹಾಗೇ ಬಿಟ್ಟರು. ಕಿತ್ತರೆ ಇನ್ನೊಂದು ಗಾಯ.

ಕೊನೆಗೆ ಉಳಿದ ಪ್ರಶ್ನೆ, ಇನ್ನು ಮುಂದೆ ಯಾವ ತಿಂಗಳು? ಇದರಲ್ಲಿ ನನಗೂ ವಿದ್ಯಾರ್ಥಿನಿಗೂ ಚರ್ಚೆಯೇ ಆಯಿತು. ನನ್ನ ಮಾತು ಮಾರ್ಚ್. ಆಗ ಕಾಂಡ ಪೂರ್ತಿ ಇಳಿದಿರುತ್ತದೆ, ಇದ್ದಕ್ಕಿದ್ದಂತೆ ಬದಲಾಗುವುದಿಲ್ಲ, ತೊಗಟೆ ಒಣಗಿರುತ್ತದೆ, ಟೇಪು ಹಾವಸೆಯ ಮೇಲೆ ಕೂರುವುದಿಲ್ಲ. ಅವಳದ್ದು ನವೆಂಬರ್ ಕೊನೆ. "ಸರ್, ಮಾರ್ಚಲ್ಲಿ ಉಣುಗು," ಅಂದಳು. ಸರಿಯಾದ ಮಾತೇ. ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇ ತನಕದ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಉಣುಗಿನಿಂದ ಬರುತ್ತದೆ, ತರಗೆಲೆಯ ಮೇಲೆ ದಿನವಿಡೀ ಕೂತು ಕೆಲಸ ಮಾಡುವವರಿಗೆ ಅಪಾಯ ಜಾಸ್ತಿ. ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಬಹುದು, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಬಹುದು. ಆದರೂ ಪ್ರತಿ ವರ್ಷ ಹುಡುಗರನ್ನು ಬೇಕೆಂದೇ ಆ ತಿಂಗಳಲ್ಲಿ ಕಳಿಸುವುದು ಯಾಕೆ? ಜೊತೆಗೆ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ ಇರುವುದರಿಂದ ಒಳಗೆ ಓಡಾಡುವುದಕ್ಕೂ ಬಿಗಿ.

ನವೆಂಬರಿಗೂ ತೊಂದರೆ ಇದೆ. ಒಂದು ವರ್ಷ ಹಿಂಗಾರು ಚೆನ್ನಾಗಿ ಬಂದು ಮರ ತುಂಬಿರುತ್ತದೆ, ಇನ್ನೊಂದು ವರ್ಷ ಅಕ್ಟೋಬರಿಗೇ ಮಳೆ ಕೈಕೊಟ್ಟು ಇಳಿತ ಶುರುವಾಗಿರುತ್ತದೆ. ಒಂದೇ ತಿಂಗಳಲ್ಲಿ ಅಳೆದರೂ ಎರಡು ವರ್ಷ ಒಂದೇ ಆಗುವುದಿಲ್ಲ. ಅದಕ್ಕೆ ಪಟ್ಟಿಗಳೇ ಉತ್ತರ ಅಂದಳು. ಟೇಪಿನ ಅಳತೆ ನಡೆಯುವ ವಾರದಲ್ಲೇ ಪಟ್ಟಿಗಳನ್ನೂ ಓದಿದರೆ ಆ ವರ್ಷ ಕಾಂಡ ಎಷ್ಟು ತುಂಬಿದೆ ಅಂತ ಅಂದಾಜು ಸಿಗುತ್ತದೆ, ಅಷ್ಟನ್ನು ಕಳೆಯಬಹುದು.

ಒಪ್ಪಿದೆ. ಅನುಮತಿಯ ಅರ್ಜಿಯಲ್ಲಿ ಈಗ ನವೆಂಬರ್ ಕೊನೆಯ ವಾರ ಅಂತ ಬರೆದಿದೆ. ಡೇಟಾ ಶೀಟಿನಲ್ಲಿ ಪ್ರತಿ ಮರದ ಎದುರು ತಾರೀಕು, ಹೊತ್ತು ಬರೆಯಲು ಬೇರೆಯೇ ಕಾಲಂ ಹಾಕಿದ್ದಾರೆ. ಅಣ್ಣ ತಮ್ಮ ಪುಸ್ತಕದಲ್ಲಿ, ನಾವು ಹೇಳದಿದ್ದರೂ, ಹಿಂದಿನ ದಿನ ಮಳೆ ಇತ್ತೋ ಇಲ್ಲವೋ ಅಂತಲೂ ಬರೆಯುತ್ತಿದ್ದರು. ಆ ಕಾಲಂ ಅನ್ನೂ ಶೀಟಿಗೆ ಸೇರಿಸಿದ್ದೇವೆ.